ಆಂಬುಲೆನ್ಸ್ ಬಂತು, ಒಳಗೆ ಯಾರಿದ್ದಾರೆ?

ಹೊಸಪೇಟೆಯಿಂದ ತುಂಗಭದ್ರೆ ದಾಟಿ, ಮುನಿರಾಬಾದ್ ಬಿಟ್ಟು ಮುಂದೆ ಬಂದರೆ ಹಿಟ್ನಾಳ. ಚಿತ್ರದುರ್ಗದಿಂದ ವಿಜಯಪುರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲಿ ಹಾಯ್ದು ಕುಷ್ಟಗಿಯ ದಾರಿ ಹಿಡಿಯುತ್ತದೆ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಗೂ ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿಗೂ ಸರಕು ಹೊತ್ತ ಲಾರಿಗಳು, ಹುಲಿಗೆಮ್ಮನ ದರ್ಶನಕ್ಕೆ ಜನ ತುಂಬಿಕೊಂಡು ಬರುವ ಕ್ರೂಸರ್ ಮತ್ತು ಟಂಟಂಗಳು, ಗಂಗಾವತಿ ಸೀಮೆಯ ಭತ್ತದ ಟ್ರ್ಯಾಕ್ಟರುಗಳು, ಹೊಲದಿಂದ ಮನೆಗೆ ಹೊರಟ ಬೈಕುಗಳು, ಎಲ್ಲಕ್ಕೂ ಈ ಒಂದು ಸುತ್ತಿನ ರಸ್ತೆಗಳೇ ಗತಿ. ವೇಗದ ಗಾಡಿ, ನಿಧಾನದ ಗಾಡಿ, ರಸ್ತೆ ದಾಟುವ ಕುರಿಹಿಂಡು ಮೂರೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಂಜೆ ಮಬ್ಬಿನಲ್ಲಿ ಒಂದು ಬೈಕು, ಹಿಂದೆ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರಾಲಿಗೆ ಬಡಿಯಿತು ಎಂದುಕೊಳ್ಳಿ. ಸವಾರ ಇಪ್ಪತ್ತೈದರ ಹುಡುಗ, ತಲೆಗೆ ಹೆಲ್ಮೆಟ್ ಇಲ್ಲ. ಜನ ಸೇರುತ್ತಾರೆ. ‘ನೂರಾ ಎಂಟಕ್ಕ ಫೋನ್ ಹಚ್ರಿ’ ಎಂದು ಒಬ್ಬರು ಕೂಗುತ್ತಾರೆ. ಇನ್ನೊಬ್ಬರು ಬಾಯಿಗೆ ಹಾಕಲು ನೀರಿನ ಬಾಟಲಿ ತರುತ್ತಾರೆ. ಮತ್ತೊಬ್ಬರು ರಟ್ಟೆ ಹಿಡಿದು ಎತ್ತಿ ಕೂರಿಸಲು ನೋಡುತ್ತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಎಚ್ಚರವಿಲ್ಲದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಎತ್ತಿ ಕೂರಿಸುವಾಗಲೇ ಬೆನ್ನುಹುರಿಗೆ ಪೆಟ್ಟಾಗಿ ಜೀವಮಾನವಿಡೀ ಕಾಲು ಬಾರದಂತಾಗಬಹುದು. ಅಷ್ಟರಲ್ಲಿ ಆಂಬುಲೆನ್ಸ್ ಬರುತ್ತದೆ. ಇಬ್ಬರು ಇಳಿಯುತ್ತಾರೆ: ಗಾಡಿ ಓಡಿಸುವ ಪೈಲಟ್ ಒಬ್ಬರು, ಇಎಂಟಿ ಒಬ್ಬರು. ಇಎಂಟಿ ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ. ಹೊರದೇಶಗಳಲ್ಲಿ ಇದೇ ಕೆಲಸವನ್ನು ಇನ್ನೂ ಆಳವಾಗಿ ಕಲಿತು ಮಾಡುವವರನ್ನು ಪ್ಯಾರಾಮೆಡಿಕ್ ಎನ್ನುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಗಾಡಿಯಿಂದ ಇಳಿದ ಆ ಎರಡನೆಯವರು ಏನು ಕಲಿತಿರಬೇಕು, ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಅದನ್ನು ಎಲ್ಲಿ ಕಲಿಯಬೇಕು ಎನ್ನುವ ಬಗ್ಗೆ.

ಚೆನ್ನಾಗಿ ಕಲಿತವರು ಗಾಡಿಯಿಂದ ಇಳಿದ ಕೂಡಲೇ ಗಾಯಾಳುವಿನತ್ತ ಓಡುವುದಿಲ್ಲ. ಮೊದಲು ಜಾಗ ನೋಡುತ್ತಾರೆ. ಹಿಂದಿನಿಂದ ಲಾರಿ ಬರುತ್ತಿದೆಯೇ, ಪೆಟ್ರೋಲ್ ಸೋರಿದೆಯೇ, ಕರೆಂಟಿನ ತಂತಿ ಬಿದ್ದಿದೆಯೇ? ಆಮೇಲೆ ಕೈಗವಸು ಹಾಕಿ ಮಂಡಿಯೂರುತ್ತಾರೆ. ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಬೇಕು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ನಂತರ ಉಸಿರಿನ ದಾರಿ. ಎಚ್ಚರ ತಪ್ಪಿ ಅಂಗಾತ ಬಿದ್ದವನ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಮುರಿದ ಹಲ್ಲು, ರಕ್ತ, ವಾಂತಿ ಅಡ್ಡ ಬರುತ್ತವೆ. ಕುತ್ತಿಗೆ ಅಲುಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಎತ್ತಿ, ಸಕ್ಷನ್ ಯಂತ್ರದಿಂದ ಬಾಯಿ ಸ್ವಚ್ಛ ಮಾಡಿ, ಆಮ್ಲಜನಕ ಕೊಡಬೇಕು. ಎದೆಯ ಎರಡೂ ಬದಿ ಸಮನಾಗಿ ಏರಿಳಿಯುತ್ತಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ನಾಡಿ, ಬಿಪಿ, ಕಣ್ಣಿನ ಪಾಪೆ ನೋಡಬೇಕು. ಎಚ್ಚರ ಎಷ್ಟಿದೆ ಎಂದು ಅಳೆಯಲು 1974ರಲ್ಲಿ ಗ್ಲಾಸ್ಗೊ ನಗರದ ಇಬ್ಬರು ವೈದ್ಯರು ರೂಪಿಸಿದ ಒಂದು ಲೆಕ್ಕವಿದೆ: ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಮೂರಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ತೀರಾ ಕಡಿಮೆ ಎಂದರೆ 3, ಪೂರ್ಣ ಎಚ್ಚರವಿದ್ದರೆ 15. ಎಂಟು ಅಥವಾ ಅದಕ್ಕಿಂತ ಕೆಳಗೆ ಬಂದವನು ತನ್ನ ಉಸಿರಿನ ದಾರಿಯನ್ನು ತಾನು ಕಾಪಾಡಿಕೊಳ್ಳಲಾರ ಎಂದು ತಿಳಿಯಬೇಕು. ಕುತ್ತಿಗೆಗೆ ಕಾಲರ್ ಹಾಕಿ, ಸ್ಟ್ರೆಚರ್‌ಗೆ ಎತ್ತಿ, ಗಾಡಿಯೊಳಗೆ ತರುವವರೆಗಿನ ಇಷ್ಟೂ ಕೆಲಸ ಸುಮಾರು ಹತ್ತು ನಿಮಿಷದೊಳಗೆ ಮುಗಿಯಬೇಕು. ಸುತ್ತ ನೂರು ಜನ ನಿಂತು ಮೊಬೈಲ್ ಹಿಡಿದಿರುತ್ತಾರೆ, ಗಾಯಾಳುವಿನ ಅಣ್ಣ ಅಳುತ್ತಾ ಅಂಗಿ ಜಗ್ಗುತ್ತಿರುತ್ತಾನೆ.

ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಬಿದ್ದಾಗ ಆದ ಗಾಯವನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಆದರೆ ಬಿದ್ದ ಮೇಲೆ ಮಿದುಳಿಗೆ ಎರಡನೆಯ ಪೆಟ್ಟು ಬೀಳುತ್ತದೆ; ಅದು ಆಮ್ಲಜನಕ ಕಡಿಮೆಯಾಗುವುದರಿಂದ, ಬಿಪಿ ಇಳಿಯುವುದರಿಂದ ಆಗುವ ಪೆಟ್ಟು. ಮೇಲಿನ ಬಿಪಿ ಒಂದು ಸಲ 90ಕ್ಕಿಂತ ಕೆಳಗೆ ಹೋದರೂ ಸಾವಿನ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಈ ಎರಡನೆಯ ಪೆಟ್ಟು ಬೀಳುವುದು ರಸ್ತೆಯಲ್ಲಿ, ಗಾಡಿಯಲ್ಲಿ. ಆಸ್ಪತ್ರೆಯಲ್ಲಿ ಎಷ್ಟು ದೊಡ್ಡ ವೈದ್ಯರಿದ್ದರೂ ಅಷ್ಟರಲ್ಲಿ ಅದು ಬಿದ್ದು ಹೋಗಿರುತ್ತದೆ. ತಡೆಯಲು ಸಾಧ್ಯವಿದ್ದವರು ಗಾಡಿಯಲ್ಲಿ ಕೂತವರೊಬ್ಬರೇ.

ಹಿಟ್ನಾಳದಂಥ ಕಡೆ ಇನ್ನೊಂದು ತೀರ್ಮಾನವೂ ಅವರ ಹೆಗಲ ಮೇಲಿದೆ. ಕೊಪ್ಪಳವೂ ಹೊಸಪೇಟೆಯೂ ಇಲ್ಲಿಂದ ಹೆಚ್ಚು ದೂರವಿಲ್ಲ. ಆದರೆ ತಲೆಯೊಳಗೆ ರಕ್ತಸ್ರಾವವಾಗುತ್ತಿದ್ದರೆ ನರಶಸ್ತ್ರಚಿಕಿತ್ಸೆ ಬೇಕು; ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಬೇಕಾದೀತು. ಹತ್ತಿರದ ಆಸ್ಪತ್ರೆಗೆ ಒಯ್ದು, ಅಲ್ಲಿಂದ ‘ಮುಂದೆ ಕರ್ಕೊಂಡು ಹೋಗ್ರಿ’ ಎನಿಸಿಕೊಂಡು, ಮತ್ತೊಂದು ಗಾಡಿ ಹುಡುಕುವಷ್ಟರಲ್ಲಿ ಎರಡು ತಾಸು ಹೋಗುತ್ತದೆ. ನೇರ ದೂರದ ಆಸ್ಪತ್ರೆಗೆ ಹೊರಟರೆ ದಾರಿಯಲ್ಲೇ ಉಸಿರು ನಿಲ್ಲಬಹುದು. ಯಾರನ್ನು ಹತ್ತಿರದಲ್ಲಿ ನಿಲ್ಲಿಸಿ ಸ್ಥಿರಪಡಿಸಬೇಕು, ಯಾರನ್ನು ನಿಲ್ಲಿಸದೆ ಒಯ್ಯಬೇಕು? 108ರಲ್ಲಿ ಫೋನಿನ ಆ ಕಡೆ ಸಲಹೆ ಕೊಡುವ ವೈದ್ಯರಿರುತ್ತಾರೆ. ಆದರೆ ಅವರು ಗಾಯಾಳುವನ್ನು ನೋಡುವುದು ಇಎಂಟಿಯ ಮಾತಿನ ಮೂಲಕವೇ. ಆ ಮಾತು ತಪ್ಪಾದರೆ ಸಲಹೆಯೂ ತಪ್ಪುತ್ತದೆ.

ಕರ್ನಾಟಕದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೂ ಮುಂಚೆ ನಮ್ಮ ಹಳ್ಳಿಗಳಲ್ಲಿ ಹೆರಿಗೆ ಬ್ಯಾನಿ ಬಂದವಳನ್ನು ಟ್ರ್ಯಾಕ್ಟರಿನಲ್ಲಿ, ಹಾವು ಕಡಿದವನನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಒಯ್ಯುತ್ತಿದ್ದರು. ದುಡ್ಡು ಕೇಳದೆ, ಜಾತಿ ಕೇಳದೆ, ಕರೆದ ಕಡೆ ಬರುವ ಗಾಡಿಯೊಂದು ಬಂದದ್ದು ಸಣ್ಣ ಬದಲಾವಣೆಯಲ್ಲ. ಈಗ ರಾಜ್ಯದಲ್ಲಿ ಇಂಥ ಗಾಡಿಗಳು ಏಳುನೂರರ ಆಸುಪಾಸಿನಲ್ಲಿವೆ. ಲಕ್ಷ ಜನಕ್ಕೆ ಒಂದು ಸಾಮಾನ್ಯ ಜೀವರಕ್ಷಕ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಸುಧಾರಿತ ಆಂಬುಲೆನ್ಸ್ ಇರಬೇಕೆನ್ನುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಎಷ್ಟು ಗಾಡಿ ಬೇಕು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಜಿಲ್ಲಾ ಸಭೆಗಳಲ್ಲಿ ಆ ಪ್ರಶ್ನೆ ಏಳುತ್ತಲೂ ಇರುತ್ತದೆ. ಗಾಡಿಯೊಳಗಿನ ಮನುಷ್ಯ ಎಷ್ಟು ತಾಸು ಕಲಿತು ಬಂದಿದ್ದಾನೆ ಎಂಬ ಪ್ರಶ್ನೆ ಮಾತ್ರ ಯಾವ ಸಭೆಯಲ್ಲೂ ಎದ್ದದ್ದನ್ನು ನಾನು ಕೇಳಿಲ್ಲ.

ನಮ್ಮಲ್ಲಿ ಇಎಂಟಿ ಕೆಲಸಕ್ಕೆ ಬರುವವರು ಬಹುಪಾಲು ನರ್ಸಿಂಗ್ ಓದಿದವರು, ಇಲ್ಲವೇ ವಿಜ್ಞಾನದ ಪದವಿ ಮಾಡಿದವರು. ಅವರಿಗೆ 108 ನಡೆಸುವವರೇ ಕೆಲವು ವಾರಗಳ ತರಬೇತಿ ಕೊಟ್ಟು ಗಾಡಿ ಹತ್ತಿಸುತ್ತಾರೆ. ಅವರಲ್ಲಿ ಎಷ್ಟೋ ಜನ ಗಾಡಿಯಲ್ಲೇ ಹೆರಿಗೆ ಮಾಡಿಸಿದ್ದಾರೆ, ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ: ಕೆಲವು ವಾರಗಳಲ್ಲಿ ಕಲಿಸಿ ಕಳಿಸುವುದು ಅವರಿಗೆ ಮಾಡುವ ಅನ್ಯಾಯ, ನಮಗೆ ಮಾಡುವ ಅನ್ಯಾಯವೂ ಹೌದು.

ಈ ವೃತ್ತಿ ಹುಟ್ಟಿದ ಕತೆಯನ್ನು ನಮ್ಮ ಭಾಗದ ಓದುಗರು ಅಗತ್ಯವಾಗಿ ತಿಳಿಯಬೇಕು. 1960ರ ದಶಕದಲ್ಲಿ ಅಮೆರಿಕದಲ್ಲೂ ಕಾಯಿಲೆಯವರನ್ನು ಒಯ್ಯುತ್ತಿದ್ದದ್ದು ಎಷ್ಟೋ ಕಡೆ ಪೊಲೀಸ್ ವ್ಯಾನು, ಇಲ್ಲವೇ ಶವ ಸಾಗಿಸುವವರ ಗಾಡಿ. ಒಳಗೆ ಚಿಕಿತ್ಸೆ ಎಂಬುದೇ ಇರಲಿಲ್ಲ. ಪಿಟ್ಸ್‌ಬರ್ಗ್ ನಗರದಲ್ಲಿ ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞರಿದ್ದರು. ಇಂದು ಜಗತ್ತೆಲ್ಲ ಕಲಿಯುವ ಸಿಪಿಆರ್ ಪದ್ಧತಿಯನ್ನು ರೂಪಿಸಿದವರಲ್ಲಿ ಅವರು ಮುಖ್ಯರು. 1966ರಲ್ಲಿ ಅವರ ಹನ್ನೊಂದು ವರ್ಷದ ಮಗಳು ಉಬ್ಬಸದಿಂದ ತೀರಿಕೊಂಡಳು. ಮರುವರ್ಷ ಅವರು ಅದೇ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡ ಬಡಾವಣೆಯ ಒಂದು ಸಂಘಟನೆಯ ಜೊತೆ ಸೇರಿ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆ ಕಟ್ಟಲು ಕೈ ಹಾಕಿದರು. ಆರಿಸಿಕೊಂಡದ್ದು ಅದೇ ಬಡಾವಣೆಯ ಕೆಲಸವಿಲ್ಲದ ತರುಣರನ್ನು. ಹಲವರು ಹೈಸ್ಕೂಲು ಮುಗಿಸಿರಲಿಲ್ಲ. ‘ಇವರು ಯಾವುದಕ್ಕೂ ಬಾರದವರು’ ಎಂದು ಊರು ಬದಿಗಿಟ್ಟ ಹುಡುಗರು ಅವರು.

ಸಾಫರ್ ಆ ಹುಡುಗರಿಗೆ ಸುಮಾರು 300 ತಾಸಿನ ಪಾಠ ಕೊಟ್ಟರು. ದೇಹರಚನೆ ಕಲಿಸಿದರು, ಆಪರೇಷನ್ ಥಿಯೇಟರಿನಲ್ಲಿ ನಿಲ್ಲಿಸಿ ಉಸಿರಿನ ದಾರಿ ಹಿಡಿಯುವುದನ್ನು ಕಲಿಸಿದರು, ತುರ್ತು ವಿಭಾಗದಲ್ಲಿ ದುಡಿಸಿದರು. 1974ರಲ್ಲಿ ನ್ಯಾನ್ಸಿ ಕ್ಯಾರೊಲಿನ್ ಎಂಬ ಯುವ ವೈದ್ಯೆ ಫ್ರೀಡಂ ಹೌಸಿನ ವೈದ್ಯಕೀಯ ಹೊಣೆ ಹೊತ್ತು, ಗಾಡಿಯಲ್ಲಿ ಅವರ ಜೊತೆ ತಿರುಗಿ, ರಸ್ತೆಯ ಮೇಲೆ ಕಂಡದ್ದನ್ನೆಲ್ಲ ಪಾಠವಾಗಿ ಬರೆದರು. ಅಮೆರಿಕ ದೇಶದ ಪ್ಯಾರಾಮೆಡಿಕ್ ಪಠ್ಯಕ್ರಮಕ್ಕೆ ಆ ಬರಹವೇ ತಳಹದಿಯಾಯಿತು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರು ಮಾಡಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಆ ಹುಡುಗರಲ್ಲಿ ಹೆಚ್ಚಿನವರು ಹೊಸ ವ್ಯವಸ್ಥೆಯಲ್ಲಿ ಮೂಲೆಗುಂಪಾದರು. ಆ ಅನ್ಯಾಯ ಬೇರೆ ಮಾತು. ನನಗೆ ಮುಖ್ಯವಾಗಿ ಕಾಣುವುದು, ದುಡಿಮೆಯಿಲ್ಲದ ಹುಡುಗರನ್ನು ಅವರ ಊರಿನಲ್ಲೇ, ಅವರ ಜನರ ಸೇವೆಗೆ, ಅರೆಬರೆ ಅಲ್ಲದ ಪಾಠ ಕೊಟ್ಟು ತಯಾರು ಮಾಡಿದ್ದು. ಈ ಕೆಲಸ ಓದಿನಲ್ಲಿ ಮುಂದಿದ್ದವರಿಗೆ ಮಾತ್ರ ಎಂಬ ಮಾತು ಐವತ್ತು ವರ್ಷದ ಹಿಂದೆಯೇ ಸುಳ್ಳಾಗಿದೆ. ಪಾಠ ಮಾತ್ರ ಗಟ್ಟಿಯಾಗಿರಬೇಕು.

ಈಗ ಕೊಪ್ಪಳಕ್ಕೆ ಬರೋಣ. ಇಲ್ಲಿ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಮುಗಿಸಿದ ಮಗುವಿನ ಅಪ್ಪ ‘ಪ್ಯಾರಾಮೆಡಿಕಲ್ ಹಚ್ಚೀನ್ರಿ’ ಎಂದರೆ ಅದು ಆಂಬುಲೆನ್ಸ್ ಕೆಲಸವಲ್ಲ. ರಾಜ್ಯದ ಅರೆವೈದ್ಯಕೀಯ ಮಂಡಳಿ ನಡೆಸುವ ಡಿಪ್ಲೊಮಾಗಳಲ್ಲಿ ಒಂದು ಎಂದರ್ಥ: ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಹೆಲ್ತ್ ಇನ್‌ಸ್ಪೆಕ್ಟರ್ ಇತ್ಯಾದಿ. ಎಸ್‌ಎಸ್‌ಎಲ್‌ಸಿ ಆದವರಿಗೆ 3 ವರ್ಷ, ಪಿಯುಸಿ ವಿಜ್ಞಾನ ಆದವರಿಗೆ 2 ವರ್ಷ. ಎಲ್ಲವೂ ಮರ್ಯಾದೆಯ ಕೆಲಸಗಳೇ, ಆಸ್ಪತ್ರೆ ನಡೆಯುವುದೇ ಅವರಿಂದ. ಆದರೆ ಅವು ಬಹುಪಾಲು ನಾಲ್ಕು ಗೋಡೆಯೊಳಗಿನ ಕೆಲಸಗಳು. ರಸ್ತೆ ಮೇಲೆ ಬಿದ್ದವರ ಜೀವ ಹಿಡಿದು ನಿಲ್ಲಿಸುವ ವಿದ್ಯೆಯನ್ನು ಕಲಿಯಬೇಕೆಂದು ಬಯಸಿ ಹೋದ ಹುಡುಗ ಈ ಗೊಂದಲದಲ್ಲಿ ಲ್ಯಾಬಿನ ಡಿಪ್ಲೊಮಾ ಸೇರಿ, ಎರಡು ವರ್ಷ ಕಳೆದ ಮೇಲೆ ‘ನನಗ ಬೇಕಾದದ್ದು ಇದಲ್ಲ’ ಎನ್ನುವುದುಂಟು. ಅಷ್ಟು ಹೊತ್ತಿಗೆ ಮನೆಯವರು ಫೀಸಿಗೆಂದು ಸಾಲ ಮಾಡಿರುತ್ತಾರೆ.

ಅವನು ಹುಡುಕಬೇಕಾದದ್ದು ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್‌ಸಿ ಪದವಿಗಳಲ್ಲಿ ತುರ್ತು ಮತ್ತು ಟ್ರಾಮಾ ಚಿಕಿತ್ಸೆಗೆಂದೇ ಒಂದಿದೆ. ಮೂರು ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮಣಿಪಾಲದಲ್ಲೂ ಇಂಥ ಪದವಿ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಆರ್ಟ್ಸ್ ಓದಿದ ಮಕ್ಕಳಿಗೆ ಕೌಶಲ ತರಬೇತಿಯ ಅಲ್ಪಾವಧಿ ಇಎಂಟಿ ಕೋರ್ಸುಗಳು ಕಾಣಸಿಗುತ್ತವೆ. ಅವುಗಳಿಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ವಿದ್ಯಾರ್ಥಿಗಳು ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಎಷ್ಟು ರಾತ್ರಿ ಪಾಳಿ ಮಾಡುತ್ತಾರೆ?’ ಉತ್ತರ ತಡವರಿಸಿದರೆ ಅಲ್ಲಿಂದ ಹೊರಗೆ ಬನ್ನಿ. ಈ ವಿದ್ಯೆ ಪುಸ್ತಕದಲ್ಲಿ ಅರ್ಧವೂ ಇಲ್ಲ. ಬರೀ ಓದಿ ಕಲಿತರೆ ದಂಡೆಯ ಮೇಲೆ ಕೂತು ಈಜು ಕಲಿತಂತಾಗುತ್ತದೆ ಅಷ್ಟೇ.

ಸಿಪಿಆರ್ ತೆಗೆದುಕೊಳ್ಳಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. 30 ಒತ್ತಿಗೆ 2 ಉಸಿರು. ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಆದರೆ ನಿಜವಾದ ಎದೆಯ ಮೇಲೆ ಕೈ ಇಟ್ಟು ಅಷ್ಟು ಆಳಕ್ಕೆ ಒತ್ತಿದಾಗ ಪಕ್ಕೆಲುಬು ಲಟಕ್ಕೆನ್ನುವುದು ಕೇಳುತ್ತದೆ. ಹೊಸಬನ ಕೈ ಅಲ್ಲೇ ಸಡಿಲಾಗುತ್ತದೆ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಸೋತದ್ದು ಒತ್ತುವವನಿಗೇ ಗೊತ್ತಾಗುವುದಿಲ್ಲ. ಅದಕ್ಕೇ ಕೈ ಬದಲಿಸುವ ನಿಯಮವಿದೆ. ಹೃದಯ ನಿಂತ ಮೇಲೆ ಯಾರೂ ಕೈ ಹಚ್ಚದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ. ಬೊಂಬೆಯ ಮೇಲೆ ನೂರಾರು ಸಲ, ಹಿರಿಯರ ಕಣ್ಣೆದುರು ರೋಗಿಯ ಮೇಲೆ ಹಲವು ಸಲ ಮಾಡಿದವನ ಕೈ ಮಾತ್ರ ಓಡುವ ಗಾಡಿಯಲ್ಲೂ ತಪ್ಪುವುದಿಲ್ಲ. ಕುಟುಂಬಕ್ಕೆ ‘ಇನ್ನು ಇಲ್ಲ’ ಎಂಬ ಸುದ್ದಿಯ ಹತ್ತಿರ ಹೇಗೆ ಕರೆದುಕೊಂಡು ಹೋಗಬೇಕು ಎನ್ನುವುದನ್ನೂ ಕಲಿಸಬೇಕು. ಅದನ್ನು ಕಲಿಸದಿರುವುದರಿಂದಲೇ ಎಷ್ಟೋ ಕಡೆ ಸಿಬ್ಬಂದಿಯ ಮೇಲೆ ಕೈ ಎತ್ತುವ ಪ್ರಸಂಗ ಬರುತ್ತದೆ.

ಊರಿನ ಕಾಯಿಲೆಗಳು ಊರಿನ ಹುಡುಗರಿಗೆ ಬೇಗ ಅರ್ಥವಾಗುತ್ತವೆ. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲಿ, ಯಲಬುರ್ಗಾ ಕುಷ್ಟಗಿಯ ಒಣ ಹೊಲಗಳಲ್ಲಿ ‘ಹುಳ ಮುಟ್ಟೈತಿ’ ಎಂದು ಯಾರಾದರೂ ಅಂದರೆ ಅದು ಹಾವು ಎಂದು ಬೇರೆ ಊರಿಂದ ಬಂದವರಿಗೆ ಹೊಳೆಯಲಿಕ್ಕಿಲ್ಲ. ‘ಎಣ್ಣಿ ಕುಡದಾನ’ ಎಂದರೆ ಸಾರಾಯಿ ಇರಬಹುದು, ಬೆಳೆಗೆ ಹೊಡೆಯುವ ಕೀಟನಾಶಕವೂ ಇರಬಹುದು. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಕೀಟನಾಶಕ ಕುಡಿದವನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಬಟ್ಟೆ ತೆಗೆದು ಮೈ ತೊಳೆಯಬೇಕು, ಇಲ್ಲದಿದ್ದರೆ ವಿಷ ಚರ್ಮದಿಂದ ಇಳಿಯುತ್ತಲೇ ಇರುತ್ತದೆ, ಎತ್ತಿದವರಿಗೂ ತಾಗುತ್ತದೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ನಮ್ಮ ಹಳೆಯ ರೂಢಿ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಅಟ್ರೊಪಿನ್ ಎಂಬ ಔಷಧಿ ಎಷ್ಟು ಬೇಗ ಸಿಗುತ್ತದೋ ಅಷ್ಟು ಒಳ್ಳೆಯದು.

ಹಾವಿನ ವಿಷಯದಲ್ಲಿ ನಾನು ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಗಾಡಿಯಲ್ಲಿ ಕಲಿತವರಿರುವುದರಿಂದ ಜೀವ ಉಳಿಯುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾಗರ, ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. ಇವುಗಳಲ್ಲಿ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಹೆಚ್ಚಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಕಾಣದೇ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಾಡುವ ಸ್ನಾಯುಗಳೇ ನಿಲ್ಲುತ್ತವೆ. ಹೃದಯ ಚೆನ್ನಾಗಿ ಬಡಿಯುತ್ತಲೇ ಇರುತ್ತದೆ. ಇಂಥವರಿಗೆ ಮುಖಕ್ಕೆ ಮಾಸ್ಕ್ ಹಿಡಿದು, ಚೀಲ ಒತ್ತಿ ಒತ್ತಿ ಉಸಿರು ತುಂಬುತ್ತಾ ಆಸ್ಪತ್ರೆ ಮುಟ್ಟಿಸಿದರೆ ಬದುಕುತ್ತಾರೆ. ಆ ಚೀಲ ಗಾಡಿಯಲ್ಲಿ ಇರುತ್ತದೆ. ಮಾಸ್ಕಿನ ಅಂಚಿನಿಂದ ಗಾಳಿ ಸೋರದಂತೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಅರ್ಧ ತಾಸು ಒತ್ತುವ ಕೈ ಮಾತ್ರ ಅಭ್ಯಾಸದಿಂದ ಬರಬೇಕು. ಗಾಡಿ ಬರುವ ಮುಂಚೆ ಊರವರು ಬಿಗಿಯಾಗಿ ಹಗ್ಗ ಕಟ್ಟಿದ್ದರೆ, ಬ್ಲೇಡಿನಿಂದ ಗೀರಿದ್ದರೆ, ಬೇರು ತೇದು ಕುಡಿಸಿದ್ದರೆ ಅವರನ್ನು ಬೈಯದೆ, ‘ಯವ್ವಾ, ಈಗ ಇದನ್ನ ಬಿಡಸ್ತೀನಿ, ನೀ ಅಂಜಬ್ಯಾಡ’ ಎಂದು ಮನವೊಲಿಸಿ ಹೊರಡಬೇಕು. ಕಟ್ಟನ್ನು ಸಹ ತಟ್ಟನೆ ಬಿಚ್ಚುವಂತಿಲ್ಲ. ಕಟ್ಟಿನ ಕೆಳಗೆ ನಿಂತ ವಿಷ ಒಮ್ಮೆಲೇ ಮೇಲೇರಬಹುದು.

ಹೆರಿಗೆ 108ರ ದೊಡ್ಡ ಕೆಲಸಗಳಲ್ಲೊಂದು. ಕೂಸು ದಾರಿಯಲ್ಲೇ ಹುಟ್ಟಿದರೆ ಮೊದಲ ಒಂದು ನಿಮಿಷದಲ್ಲಿ ಅದನ್ನು ಒರೆಸಿ, ಬೆಚ್ಚಗೆ ಮಾಡಿ, ಅಳದಿದ್ದರೆ ಉಸಿರು ಕೊಡಬೇಕು. ತಾಯಿಗೆ ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ತಿಕ್ಕಿ ಗಟ್ಟಿ ಮಾಡಬೇಕು. ಎದೆನೋವಿನ ವಿಷಯ ಚುಟುಕಾಗಿ ಹೇಳುವುದಾದರೆ, ‘ಗ್ಯಾಸ್ ಆಗೈತಿ’ ಎಂದು ಸೋಡಾ ಕುಡಿದು ಕೂರುವ ಹೊತ್ತೇ ಹೃದಯಾಘಾತದ ಅಮೂಲ್ಯ ಹೊತ್ತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಎದೆ ಹಿಡಿದು ಕೂತ ಭಕ್ತನನ್ನು ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವ ಬದಲು ಹತ್ತಿರದ ಗಂಗಾವತಿಗೆ ಮೊದಲು ಒಯ್ಯುವುದು ಸರಿ ಎಂದು ಗಾಡಿಯವರು ತೀರ್ಮಾನಿಸಬಲ್ಲವರಾಗಿರಬೇಕು.

ಕಾನೂನಿನಲ್ಲಿ ಈ ವೃತ್ತಿಗೆ ಈಗ ಹೆಸರು ಸಿಕ್ಕಿದೆ. 2021ರಲ್ಲಿ ಸಂಸತ್ತು ಒಪ್ಪಿದ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಪ್ಯಾರಾಮೆಡಿಕ್ ಅನ್ನು ಒಂದು ವೃತ್ತಿ ಎಂದು ಪಟ್ಟಿ ಮಾಡಿದೆ. ಇಂಥ ವೃತ್ತಿಗಳ ಓದು ಕನಿಷ್ಠ 2,000 ತಾಸು ಇರಬೇಕು ಎಂದಿದೆ. ಫ್ರೀಡಂ ಹೌಸಿನ 300 ತಾಸಿಗೂ, ನಮ್ಮ ಕೆಲವು ವಾರಗಳಿಗೂ, ಈ 2,000ಕ್ಕೂ ಇರುವ ಅಂತರ ನೋಡಿ. ರಾಜ್ಯಗಳು ಮಂಡಳಿ ಮಾಡಿ, ಹೆಸರು ನೋಂದಾಯಿಸಿ, ಹೀಗೆ ಓದಿದವರನ್ನೇ ಗಾಡಿ ಹತ್ತಿಸಿದಾಗ ಮಾತ್ರ ಕಾಯ್ದೆ ಹಿಟ್ನಾಳದ ರಸ್ತೆಗೆ ಬಂದಂತೆ. ಹಣದ ಅಂಜಿಕೆಯೂ ಕಡಿಮೆಯಾಗಿದೆ: ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂತು. ಗಾಯಾಳುವಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆದಾಡಿಸಬಾರದೆಂದು ಕರ್ನಾಟಕ 2016ರಲ್ಲೇ ಕಾಯ್ದೆ ಮಾಡಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇಷ್ಟೆಲ್ಲ ಯೋಜನೆಗಳ ನಡುವೆ ಗಾಯಾಳುವನ್ನು ಮೊದಲು ಮುಟ್ಟುವ ಕೈಯ ಕಲಿಕೆ ಹಿಂದೆ ಉಳಿದದ್ದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತದೆ.

ಕೆಲಸದ ಸ್ಥಿತಿಯನ್ನು ಮುಚ್ಚಿಟ್ಟು ಮಕ್ಕಳನ್ನು ಇದಕ್ಕೆ ಕರೆಯುವುದು ತಪ್ಪಾಗುತ್ತದೆ. ಗುತ್ತಿಗೆ ನೌಕರಿ, ಹನ್ನೆರಡು ತಾಸಿನ ಪಾಳಿ. ಬಾಕಿ ಸಂಬಳಕ್ಕಾಗಿ 108ರ ಸಿಬ್ಬಂದಿ 2022ರಲ್ಲೂ 2024ರಲ್ಲೂ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ರಾತ್ರಿ ಮಗುವಿನ ಹೆಣ ಇಳಿಸಿ ಬಂದವರು ಬೆಳಗ್ಗೆ ಮತ್ತೆ ಅದೇ ಗಾಡಿ ಹತ್ತುತ್ತಾರೆ. ಅವರ ಮನಸ್ಸಿನ ಕಡೆ ನೋಡುವ ವ್ಯವಸ್ಥೆ ಕಾಣುವುದಿಲ್ಲ. ನಾಲ್ಕು ವರ್ಷ ಓದಿಸಿ ಇದೇ ಸಂಬಳ, ಇದೇ ಗುತ್ತಿಗೆ ಕೊಟ್ಟರೆ ಓದಿದವರು ಬೆಂಗಳೂರಿನ ಖಾಸಗಿ ಆಸ್ಪತ್ರೆಗೋ ಕೊಲ್ಲಿ ದೇಶಕ್ಕೋ ಹೋಗುತ್ತಾರೆ. ಅವರನ್ನು ದೂರುವ ಹಕ್ಕು ಯಾರಿಗೂ ಇರುವುದಿಲ್ಲ. ತರಬೇತಿಯ ಮಾತು, ಕಾಯಂ ಹುದ್ದೆಯ ಮಾತು ಎರಡನ್ನೂ ಒಟ್ಟಿಗೇ ಆಡಬೇಕು.

ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದೆ. ತುರ್ತು ವಿಭಾಗ, ಹೆರಿಗೆ ವಾರ್ಡು ಅಲ್ಲಿವೆ; ಅರಿವಳಿಕೆ ತಜ್ಞರು, ಕಲಿಸುವ ವೈದ್ಯರು ಇದ್ದಾರೆ. ಪ್ಯಾರಾಮೆಡಿಕ್ ಒಬ್ಬರನ್ನು ತಯಾರು ಮಾಡಲು ಬೇಕಾದದ್ದು ಇದೇ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಈ ಭಾಗದ ಮಕ್ಕಳಿಗೆ ಮೀಸಲಿದೆ. ತುರ್ತು ಚಿಕಿತ್ಸೆಯ ಪದವಿಗೆ ಇಲ್ಲಿ ಇಪ್ಪತ್ತು ಸೀಟು ಇದ್ದರೂ ನಾಲ್ಕೈದು ವರ್ಷದಲ್ಲಿ ಜಿಲ್ಲೆಯ ಪ್ರತಿ ಗಾಡಿಗೂ ನಮ್ಮ ಮಾತು ಬಲ್ಲ, ನಮ್ಮ ದಾರಿ ಬಲ್ಲ, ಪೂರ್ತಿ ಕಲಿತ ಒಬ್ಬರು ಸಿಗುತ್ತಾರೆ. ಈಗಾಗಲೇ ಗಾಡಿಯಲ್ಲಿ ದುಡಿಯುತ್ತಿರುವ ಇಎಂಟಿಗಳಿಗೆ ವರ್ಷಕ್ಕೆ ಒಂದು ತಿಂಗಳು ಸಂಬಳ ಸಹಿತ ಅದೇ ಆಸ್ಪತ್ರೆಯಲ್ಲಿ ಪಾಳಿ ಹಾಕಿಸಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ಒಂದು ಆದೇಶ ಸಾಕು. ಇಎಂಟಿ ಒಯ್ದ ಗಾಯಾಳು ಬದುಕಿದನೋ ಇಲ್ಲವೋ, ದಾರಿಯಲ್ಲಿ ಮಾಡಿದ್ದರಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ತಿಂಗಳಿಗೊಮ್ಮೆ ವೈದ್ಯರು ಅವರನ್ನು ಕೂರಿಸಿಕೊಂಡು ಹೇಳಬೇಕು. ಈಗ ಗಾಯಾಳುವನ್ನು ಇಳಿಸಿ ಸಹಿ ಹಾಕಿಸಿಕೊಂಡ ಕೂಡಲೇ ಅವರ ಪಾಲಿಗೆ ಆ ಕತೆ ಮುಗಿಯುತ್ತದೆ, ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಜಿಲ್ಲಾ ಉಸ್ತುವಾರಿ ಸಚಿವರ ಮುಂದಿನ ಕೆಡಿಪಿ ಸಭೆಯಲ್ಲಿ ಗಾಡಿಗಳ ಲೆಕ್ಕದ ಜೊತೆಗೆ ಈ ಸೀಟುಗಳ ಬೇಡಿಕೆಯನ್ನೂ ನಮ್ಮ ಪ್ರತಿನಿಧಿಗಳು ಇಡಲಿ. ವಿಶ್ವವಿದ್ಯಾಲಯಕ್ಕೆ ಕಾಲೇಜಿನಿಂದ ಅರ್ಜಿ ಹೋದರೆ ಮುಂದಿನ ದಾರಿ ತೆರೆಯುತ್ತದೆ.